ಘಾನಾದಿಂದ ಬಂದ ಉಂಡೆ ಕೊಬ್ಬರಿ

ಪಾಸ್‌ಪೋರ್ಟು ಕಲಗಚ್ಚಿನ ತೊಟ್ಟಿಯಲ್ಲಿ ತೇಲುತ್ತಿತ್ತು.

ಅಕ್ಕಿ ತೊಳೆದ ನೀರು, ಸೌತೆಕಾಯಿ ಸಿಪ್ಪೆ, ನಿನ್ನೆಯ ಹಳಸಿದ ಅನ್ನ, ಇವುಗಳ ನಡುವೆ ಆ ನೀಲಿ ಪುಸ್ತಕ. ಕೊಟ್ಟಿಗೆಯ ಸೀಮೆಹಸು ಕತ್ತು ಚಾಚಿ ಅದನ್ನೊಮ್ಮೆ ಮೂಸಿತು. ರುಚಿ ಹತ್ತಲಿಲ್ಲವೇನೋ, ಮುಖ ತಿರುಗಿಸಿ ಮೆಲುಕು ಹಾಕತೊಡಗಿತು.

ಗಿರಿಜಾಂಬಿಕಾ ತೋಳು ಮೇಲೇರಿಸಿ ಕೈ ಅದ್ದಿ ಪುಸ್ತಕ ಎತ್ತಿದಳು. ಹಾಳೆಗಳಿಂದ ನೀರು ಸೋರಿತು. ಒಳಗಿನ ಫೋಟೋದಲ್ಲಿ ಧನ್ಯಶ್ರೀಯ ಕೆನ್ನೆಗೆ ಒಂದು ಅನ್ನದ ಅಗುಳು ಅಂಟಿತ್ತು.

"ಅಯ್ಯೋ ಶಿವನೇ!" ಹಿಂದೆ ನಿಂತಿದ್ದ ಧನ್ಯಶ್ರೀ ಅಲ್ಲೇ ಕುಸಿದು ಕುಳಿತಳು. "ಬೀರುವಿನಲ್ಲಿತ್ತು ಮೇಡಂ. ಸೀರೆ ಕೆಳಗೆ ಇಟ್ಟಿದ್ದೆ. ಕಾಲು ಬಂದು ನಡ್ಕಂಡು ಹೋಗಿ ಬಿತ್ತಾ?"

ಗಿರಿಜಾಂಬಿಕಾ ಪುಸ್ತಕದ ನೀರು ಕೊಡವಿದಳು. ಇದು ಮೂರನೆಯ ಸಲ. ಮೊದಲ ಸಲ ಬೆಂಗಳೂರಿಗೆ ಹೊರಟ ದಿನ ಬೈಕಿನ ಕೀ ಮಾಯವಾಗಿ ರೈಲು ತಪ್ಪಿತ್ತು. ಎರಡನೆಯ ಸಲ ವೀಸಾಕ್ಕೆಂದು ತೆಗೆಸಿದ ಫೋಟೋಗಳು ಬಚ್ಚಲ ಒಲೆಯ ಪಾಲಾಗಿದ್ದವು. ಈಗ ಪಾಸ್‌ಪೋರ್ಟೇ ಹಸುವಿನ ಬಾಯಿಗೆ.

ತುಮಕೂರಿನ ಕ್ರೈಂ ವಿಭಾಗದಲ್ಲಿ ಎಎಸ್ಐ ಆಗಿದ್ದು, ಮಂಡಿ ಹಾಳಾಗಿ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡವಳು ಅವಳು. ಅರಳಗುಪ್ಪೆಯ ತವರಿನ ಕಡೆಯವರು ಹೇಳಿದರೆಂದು ಹೊನ್ನವಳ್ಳಿಯ ಈ ಮನೆಯ ಕೆಲಸ ಹಿಡಿದಿದ್ದಳು. ಉಂಡೆ ಕೊಬ್ಬರಿ ಮಾಡುವುದನ್ನು ಕಲಿಸಿಕೊಡಲು ಪಶ್ಚಿಮ ಆಫ್ರಿಕಾದ ಘಾನಾಕ್ಕೆಂದು ಏಳು ತಿಂಗಳ ಹಿಂದೆ ಹೊರಟ ತಿಮ್ಮರಾಜುವಿನಿಂದ ಈಚೆಗೆ ಒಂದು ಮೆಸೇಜೂ ಇಲ್ಲ. ಗಂಡನನ್ನು ತಾನೇ ಹೋಗಿ ಕರೆತರುತ್ತೇನೆಂದು ಧನ್ಯಶ್ರೀ ಹಟ ಹಿಡಿದಳು. ಜೊತೆಗೆ ಬರುತ್ತೇನೆಂದು ಗಿರಿಜಾಂಬಿಕಾ ಮಾತು ಕೊಟ್ಟುಬಿಟ್ಟಳು. ಪತ್ತೇದಾರಿಕೆಗೆಂದು ಬಂದವಳು ಈಗ ಟಿಕೆಟ್ಟು, ವೀಸಾ, ಇಂಜೆಕ್ಷನ್ನು ಅಂತ ಟ್ರಾವೆಲ್ ಏಜೆಂಟನ ಗುಮಾಸ್ತೆಯಾಗಿದ್ದಳು.

"ಈ ಮನೆಯಲ್ಲಿ ಯಾರಿಗೋ ನಾವು ಹೋಗೋದು ಬೇಡ" ಎಂದಳು.

ಹುಲ್ಲಿನ ಹೊರೆ ಹೊತ್ತು ಬಂದ ಈರಣ್ಣ ಅದನ್ನು ದೊಪ್ಪನೆ ಇಳಿಸಿದ. ತಿಮ್ಮರಾಜುವಿನ ಅಣ್ಣ. ಮಾತಿಗಿಂತ ಮೊದಲು ಹುಬ್ಬು ಏರುವ ಮನುಷ್ಯ.

"ನನ್ ಮುಖ ಯಾಕ್ ನೋಡ್ತೀರಿ? ಹೆಂಗಸ್ರು ಆಫ್ರಿಕಾಕ್ಕೆ ಹೋಗೋದು ಬ್ಯಾಡ ಅಂದಿದ್ದು ನಿಜ. ಬಾಯಲ್ಲಿ ಅಂದೆ. ಕೈಯಲ್ಲಿ ಮಾಡೋನಾಗಿದ್ರೆ ನೀರಿಗ್ಯಾಕೆ ಹಾಕ್ಲಿ, ಒಲೆಗೇ ಹಾಕ್ತಿದ್ದೆ."

"ಫೋಟೋ ಒಲೆಗೇ ಬಿದ್ದಿದ್ವಲ್ಲ, ಈರಣ್ಣ?"

"ಅದೂ ನಾನಲ್ಲ ಬುಡಿ" ಎಂದು ಅವನು ಹೆಗಲ ಟವೆಲ್ ಕೊಡವಿದ. "ತಿಮ್ಮ ನಂಗೇನು ಶತ್ರೂನಾ? ಒಡಹುಟ್ಟಿದೋನು ಕಣ್ರೀ. ಅವನನ್ನ ಕರ್ಕಂಬರೋಕೆ ಹೋಗಿ ಇವಳೂ ಕಳೆದುಹೋದ್ರೆ ನಾನ್ ಯಾರಿಗೆ ಉತ್ತರ ಕೊಡ್ಲಿ?"

ಮಾತಿನಲ್ಲಿ ಸುಳ್ಳಿನ ವಾಸನೆ ಇರಲಿಲ್ಲ. ಅದೇ ಗಿರಿಜಾಂಬಿಕಾಳನ್ನು ಇನ್ನಷ್ಟು ರೇಗಿಸಿತು. ಸುಳ್ಳು ಹೇಳುವವನನ್ನು ಹಿಡಿಯಬಹುದು. ಎಲ್ಲರೂ ನಿಜ ಹೇಳುತ್ತಿರುವ ಮನೆಯಲ್ಲಿ ಪಾಸ್‌ಪೋರ್ಟು ತೊಟ್ಟಿಗೆ ಬೀಳುತ್ತದೆಂದರೆ ಏನು ಮಾಡುವುದು?

ಹೊರಗೆ ಬೊಲೆರೊ ನಿಂತ ಸದ್ದಾಯಿತು.

"ಧನ್ಯಾ, ಹೊರಟ್ಯೇನಮ್ಮಾ?" ಎನ್ನುತ್ತಲೇ ಪರಮೇಶ್ ಅಂಗಳಕ್ಕೆ ಬಂದ. ಹಣೆ ತುಂಬ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ತಿಪಟೂರಿನಲ್ಲಿ ಅವನದು ಕೊಬ್ಬರಿ ಮಂಡಿ. ತಿಮ್ಮರಾಜುವಿಗೆ ಘಾನಾದ ಕೆಲಸ ಹುಡುಕಿಕೊಟ್ಟವನೂ ಇವನೇ, ಈಗ ಈ ಪ್ರಯಾಣಕ್ಕೆ ಎಲ್ಲಕ್ಕಿಂತ ಹೆಚ್ಚು ಓಡಾಡುತ್ತಿರುವವನೂ ಇವನೇ.

ಒದ್ದೆ ಪುಸ್ತಕವನ್ನು ಅವನು ತಿರುಗಿಸಿ ನೋಡಿದ. ಆಮೇಲೆ ನಕ್ಕ.

"ಹೋಗ್ಲಿ ಬಿಡಿ ಮೇಡಂ. ಇದೇನು ಜೀವ ಅಲ್ಲವಲ್ಲ, ಪುಸ್ತಕ ತಾನೆ? ಹಾಳಾಗಿದೆ ಅಂತ ಹೊಸದಕ್ಕೆ ಅರ್ಜಿ ಹಾಕೋಣ. ತಿಪಟೂರಲ್ಲಿ ನಮ್ಮ ಹುಡುಗನ ಆನ್‌ಲೈನ್ ಅಂಗಡಿ ಇದೆ, ಈಗಲೇ ಹೋಗೋಣ. ಧನ್ಯಾ, ಆಧಾರ್ ಕಾರ್ಡ್ ತಗೋ. ಸೀರೆ ಬದಲಾಯಿಸ್ಕೊಂಡು ಬಾ."

ಈ ಮನೆಯಲ್ಲಿ ಕೆಲಸಕ್ಕೆ ಬರುವ ಮಾತಾಡುವವನು ಇವನೊಬ್ಬನೇ ಎಂದುಕೊಂಡಳು ಗಿರಿಜಾಂಬಿಕಾ.

ಧನ್ಯಶ್ರೀ ತಂದುಕೊಟ್ಟ ಕಾಫಿಯನ್ನು ಅವನು ನಿಂತೇ ಕುಡಿದ. ಕುಡಿದವನು ಲೋಟ ಹಿಡಿದುಕೊಂಡು ನಲ್ಲಿಯ ಕಡೆ ನಡೆದ.

"ಕೊಡಿ ಪರಮೇಶಣ್ಣ, ನಾನ್ ತೊಳೀತೀನಿ."

"ಬ್ಯಾಡ ಕಣಮ್ಮ. ಮಠದ ಹಾಸ್ಟೆಲಲ್ಲಿ ಬೆಳೆದೋನು ನಾನು. ತಿಂದಿದ್ದು ತೊಳೀದಿದ್ರೆ ತಿಂದಂಗೇ ಆಗಲ್ಲ ನಂಗೆ." ಎರಡು ಸಲ ಜಾಲಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಲೋಟ ಬೋರಲು ಹಾಕಿದ. "ಬೋರಲು ಹಾಕ್ದೆ ಎದ್ರೆ ಬೆನ್ನಿಗೆ ಬೆತ್ತ ಬೀಳೋದು. ಬುಡ್ತಿರಲಿಲ್ಲ ನಮ್ ವಾರ್ಡನ್ನು."

ಆ ವಾರ್ಡನ್ನನ್ನು ತನ್ನ ಮನೆಗೂ ಒಂದು ವಾರ ಕಳಿಸಬಾರದೇ ಎನ್ನಿಸಿತು ಗಿರಿಜಾಂಬಿಕಾಗೆ. ಅದೇ ಹೊತ್ತಿಗೆ ಫೋನಿನಲ್ಲಿ ಮಗಳು ಇಂಪನಾಳ ಮೆಸೇಜು ಬಂದಿತ್ತು. 'ಅಮ್ಮಾ, ತೊಳೆದ ತಟ್ಟೆ ಒಂದೂ ಇಲ್ಲ, ಯಾವುದರಲ್ಲಿ ತಿನ್ನಲಿ?' ಎರಡನೇ ಪಿಯುಸಿ ಓದುವ ಹುಡುಗಿ!

'ಕೈಯಲ್ಲಿ' ಎಂದು ಬರೆದು ಫೋನ್ ಮುಚ್ಚಿದಳು.

ಮುಚ್ಚುವಷ್ಟರಲ್ಲಿ ಅದು ಮತ್ತೆ ಹೊಡೆದುಕೊಂಡಿತು. ಬೆಂಗಳೂರಿನ ಟ್ರಾವೆಲ್ ಏಜೆಂಟ್ ಶ್ರೀನಿವಾಸ್. ಪರಮೇಶ್ ಬೊಲೆರೊ ತಿರುಗಿಸಲು ಹೊರಗೆ ಹೋದ. ಗಿರಿಜಾಂಬಿಕಾ ಜಗುಲಿಯ ಮೇಲೆ ಕುಳಿತು ಫೋನನ್ನು ಸ್ಪೀಕರಿಗೆ ಹಾಕಿದಳು. ಪಕ್ಕದಲ್ಲಿ ಧನ್ಯಶ್ರೀ.

"ಮೇಡಂ, ಪಾಸ್‌ಪೋರ್ಟ್ ಕಳಿಸಿದ್ರಾ?"

"ನೆನೆದಿದೆ."

"ಅಂದ್ರೆ?"

"ಕಲಗಚ್ಚಿನಲ್ಲಿ ನೆನೆದಿದೆ ಕಣ್ರೀ ಶ್ರೀನಿವಾಸ್! ಹೊಸದು ಮಾಡಿಸ್ತಿದ್ದೀವಿ."

ಆ ಕಡೆಯಿಂದ ದೀರ್ಘ ನಿಟ್ಟುಸಿರು. "ಹಾಗಾದ್ರೆ ಎಲ್ಲಾ ಮೊದಲಿಂದ ಮೇಡಂ. ಇಂಜೆಕ್ಷನ್ ಕಾರ್ಡಿಗೆ ಪಾಸ್‌ಪೋರ್ಟ್ ನಂಬರ್ ಬೇಕು. ಕಾರ್ಡ್ ಇಲ್ದೆ ವೀಸಾ ಇಲ್ಲ. ವೀಸಾ ಆಗೋದು ದೆಹಲೀಲಿ. ಅಡಿಸ್ ಅಬಾಬಾ ಮೇಲೆ ಹೋಗೋ ಟಿಕೆಟ್ ನಾನು ಹಿಡಿದಿಟ್ಟಿದ್ದೆ, ಅದೂ ಹೋಯ್ತು."

"ಆ ಇಂಜೆಕ್ಷನ್ ಹೊರಡೋ ದಿನ ಹಾಕಿಸ್ಕೊಂಡ್ರೆ ಆಗಲ್ವಾ? ಅದೊಂದಾದ್ರೂ ಉಳಿಯುತ್ತೆ."

"ಅದು ಹಳದಿ ಜ್ವರದ್ದು ಮೇಡಂ. ಘಾನಾದಲ್ಲಿ ಅದಿಲ್ದೆ ಒಳಗೇ ಬಿಡಲ್ಲ. ಹಾಕಿಸಿ ಹತ್ತು ದಿನ ಆದ್ಮೇಲೇ ಕಾರ್ಡಿಗೆ ಬೆಲೆ. ಬೆಂಗಳೂರಲ್ಲೇ ತಡೆದು ವಾಪಸ್ ಕಳಿಸ್ತಾರೆ. ಧನ್ಯಶ್ರೀ ಅವರ ಯಜಮಾನ್ರೂ ಹಾಗೇ ಮಾಡಿರ್ತಾರಲ್ಲ, ಕೇಳಿ ನೋಡಿ."

ಫೋನ್ ಇಟ್ಟ ಮೇಲೆ ಗಿರಿಜಾಂಬಿಕಾ ಧನ್ಯಶ್ರೀಯ ಕಡೆ ತಿರುಗಿದಳು. "ತಿಮ್ಮರಾಜು ಯಾವತ್ತು ಹಾಕಿಸಿಕೊಂಡ?"

"ಹೊರಡೋ ಹಿಂದಿನ ದಿನ ಮೇಡಂ. ಪರಮೇಶಣ್ಣ ಬೆಂಗಳೂರಿಗೆ ಕರ್ಕೊಂಡು ಹೋದ್ರಲ್ಲ, ಅವತ್ತೇ ಹಾಕ್ಸಿದ್ರಂತೆ."

"ಅದಕ್ಕೆ ಮೊದಲು ಬೆಂಗಳೂರಿಗೆ ಹೋಗಿದ್ನಾ?"

"ಎಲ್ಲಿ ಹೋಗ್ತಾರೆ! ತೋಟದಲ್ಲಿ ಕಾಯಿ ಕೆಡವಿಸ್ತಿದ್ರು. ಸೂಜಿ ಅಂದ್ರೆ ಪ್ರಾಣ ಬಿಡ್ತಾರೆ ಅವರು. ಹಾಕಿಸ್ಕೊಂಡಿದ್ರೆ ಮನೆ ತುಂಬಾ ಮಲಗಿ ನರಳಿರೋರು." ಅವಳಿಗೆ ಆ ನೆನಪಿಗೆ ನಗು ಬಂತು. ಮರುಕ್ಷಣ ಕಣ್ಣು ತುಂಬಿತು. "ಮೊದಲ ತಿಂಗಳು ಎರಡು ಸಲ ಫೋನಲ್ಲಿ ಅವರ ದನಿ ಕೇಳಿದ್ದು. ಆಮೇಲೆ ಬರೀ ಮೆಸೇಜು. ಈಗ ಅದೂ ಇಲ್ಲ. ಹೆಂಗಾದ್ರೂ ಮಾಡಿ ನನ್ನನ್ನ ಅಲ್ಲಿಗೆ ಮುಟ್ಟಿಸಿ ಮೇಡಂ. ಬದುಕಿದಾರೋ ಇಲ್ವೋ ಅಂತ ನನ್ ಕಣ್ಣಲ್ಲಿ ನೋಡ್ಬೇಕು. ಎರಡರಲ್ಲಿ ಒಂದು ಗೊತ್ತಾಗದೆ, ದಿನಾ ಕುಂಕುಮದ ಭರಣಿ ತೆಗೆದು ಇಟ್ಕೊಳ್ಳಲೋ ಬೇಡ್ವೋ ಅಂತ ನೋಡ್ತಾ ಕೂತಿರ್ತೀನಿ."

ಅವಳು ಸೀರೆ ಬದಲಾಯಿಸಲು ಒಳಗೆ ಹೋದಳು.

ಗಿರಿಜಾಂಬಿಕಾ ಕುಳಿತಲ್ಲಿಂದ ಏಳಲಿಲ್ಲ. ಹಿಂದಿನ ದಿನ ಇಂಜೆಕ್ಷನ್, ಮಾರನೆಯ ದಿನ ವಿಮಾನ. ಹಾಗಾದರೆ ತಿಮ್ಮರಾಜುವನ್ನು ಬೆಂಗಳೂರಿನಲ್ಲೇ ತಡೆದಿರಬೇಕು. ತಡೆದಿದ್ದರೆ ಮನೆಗೆ ಬಂದಿರಬೇಕು. ಬಂದಿಲ್ಲ.

ಇದನ್ನು ಮೊದಲೇ ಕೇಳಬೇಕಿತ್ತು. ಟಿಕೆಟ್ಟಿನ ರಗಳೆಯಲ್ಲಿ ಮುಳುಗಿ ಪೊಲೀಸು ಬುದ್ಧಿಯನ್ನೇ ಎಲ್ಲೋ ಬಿಟ್ಟಿದ್ದಳು. ತನ್ನ ಮೇಲೇ ಸಿಟ್ಟು ಬಂತು.

ಪಾಸ್‌ಪೋರ್ಟು ಒರೆಸಲು ಹಳೇ ಬಟ್ಟೆ ಹುಡುಕುತ್ತ ನಡುಮನೆ ದಾಟಿದಳು. ದೇವರ ಮನೆಯ ಬಾಗಿಲು ತೆರೆದಿತ್ತು. ಪಟಗಳ ಮುಂದೆ, ಹಿತ್ತಾಳೆ ತಟ್ಟೆಯಲ್ಲಿ, ಅರಿಸಿನ ಕುಂಕುಮ ಹಚ್ಚಿಸಿಕೊಂಡ ಒಂದು ಉಂಡೆ ಕೊಬ್ಬರಿ.

ಇದು ಮನೆಗೆ ಬಂದ ದಿನದಿಂದಲೂ ನೋಡಿದ್ದಳು. ಮೂರು ವಾರದ ಹಿಂದೆ ಪರಮೇಶ್ ತಂದುಕೊಟ್ಟದ್ದು. ಘಾನಾದಿಂದ ಬಂದವರ ಕೈಯಲ್ಲಿ ತಿಮ್ಮರಾಜು ಕಳಿಸಿದನಂತೆ. ಅಲ್ಲಿಯವರಿಗೆ ಕಾಯಿ ಒಣಗಿಸುವ ಅಟ್ಟ ಅನ್ನುವುದೇ ಗೊತ್ತಿರಲಿಲ್ಲವಂತೆ. ಇವನೇ ನಿಂತು ಅಟ್ಟ ಕಟ್ಟಿಸಿ, ಕಾಯಿ ಏರಿಸಿ, ಮೊದಲು ತೆಗೆದ ಉಂಡೆ ಅಮ್ಮನಿಗೆ ಅಂತ ಕೊಟ್ಟು ಕಳಿಸಿದನಂತೆ. ದೇವರ ಮುಂದಿನ ವಸ್ತು ಎಂದು ಯಾರೂ ಮುಟ್ಟಿರಲಿಲ್ಲ. ಅವಳೂ ಮುಟ್ಟಿರಲಿಲ್ಲ.

ಇವತ್ತು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಗೆತ್ತಿಕೊಂಡಳು.

ತವರಿನಲ್ಲಿ ಅವಳು ಬೆಳೆದದ್ದೇ ಕೊಬ್ಬರಿ ಅಟ್ಟದ ಕೆಳಗೆ. ಕಿವಿಯ ಬಳಿ ಹಿಡಿದು ಅಲುಗಿಸಿದಳು. ಒಳಗೆ ಹನಿ ನೀರಿಲ್ಲ. ಉಗುರಿನಿಂದ ಗೀರಿದಳು. ಎಣ್ಣೆ ಜಿನುಗಿತು. ಚೆನ್ನಾಗಿ ಬಲಿತ, ತನ್ನಷ್ಟಕ್ಕೆ ಒಣಗಿ ಚಿಪ್ಪು ಬಿಟ್ಟ ಉಂಡೆ.

ಕಾಯಿ ಒಡೆದು ಬಿಸಿಲಿಗೆ ಹಾಕಿದರೆ ವಾರದಲ್ಲಿ ಬಟ್ಟಲು ಕೊಬ್ಬರಿ ಆಗುತ್ತದೆ. ಉಂಡೆ ಹಾಗಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿದ ಕಾಯಿ ಒಳಗಿನ ನೀರನ್ನು ತಾನೇ ಕುಡಿದು ಮುಗಿಸಬೇಕು. ವರ್ಷ ತುಂಬುತ್ತ ಬರಬೇಕು. ಅವಸರ ಮಾಡಿದರೆ ಕೊಳೆಯುತ್ತದೆ. ಘಾನಾದ ಬಿಸಿಲಾಗಲಿ ಹೊನ್ನವಳ್ಳಿಯ ಬಿಸಿಲಾಗಲಿ, ಕಾಯಿ ಯಾರ ಮಾತೂ ಕೇಳುವುದಿಲ್ಲ.

ತಿಮ್ಮರಾಜು ಮನೆ ಬಿಟ್ಟು ಏಳು ತಿಂಗಳು. ಅವನು ಹೋಗಿ ಕಟ್ಟಿಸಿದ ಅಟ್ಟದಲ್ಲಿ ಈ ಉಂಡೆ ಹುಟ್ಟಿರಲು ಸಾಧ್ಯವೇ ಇಲ್ಲ.

ಮೂಗಿಗೆ ಹಿಡಿದಳು. ಕುಂಕುಮದ ಹಿಂದೆ ಇನ್ನೊಂದು ವಾಸನೆ. ಸೌದೆಯ ಹೊಗೆ.

ಇನ್ನು ಅವಳಿಗೆ ಹೊಳೆಯಬೇಕಾದದ್ದು ಒಂದೇ ಉಳಿದಿತ್ತು. ಹೊನ್ನವಳ್ಳಿಯಲ್ಲಿ ಹುಟ್ಟಿದ ಯಾರಿಗೆ ಈ ಲೆಕ್ಕ ತಿಳಿಯುವುದಿಲ್ಲ? ಧನ್ಯಶ್ರೀ ಕಣ್ಣೀರಿನಲ್ಲಿ ನೋಡಿದಳು, ಸರಿ. ಈರಣ್ಣ ದೇವರ ಮನೆಗೆ ಕಾಲಿಡುವವನಲ್ಲ. ಆದರೆ ಇದನ್ನು ದಿನವೂ ತಟ್ಟೆಯಿಂದ ಎತ್ತಿ, ಒರೆಸಿ, ಮತ್ತೆ ಇಡುವ ಕೈ?

ರಾಮಲಕ್ಷ್ಮಮ್ಮ ಬಚ್ಚಲ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದಳು. ತಿಮ್ಮರಾಜುವಿನ ತಾಯಿ. ಎಪ್ಪತ್ತರ ಹತ್ತಿರದ ವಯಸ್ಸು, ಬಾಗದ ಬೆನ್ನು. ಒಲೆಯ ನೇರ ಮೇಲೆ ಕೊಬ್ಬರಿ ಅಟ್ಟ. ಸೀಳಿದ ಅಡಿಕೆ ದಬ್ಬೆಗಳ ಸಂದಿಯಿಂದ ಹೊಗೆ ಕಾಯಿಗಳ ನಡುವೆ ಏರಿ ಹೆಂಚಿನಲ್ಲಿ ಕರಗುತ್ತಿತ್ತು.

ಗಿರಿಜಾಂಬಿಕಾ ಕೊಬ್ಬರಿಯನ್ನು ಅವಳ ಮುಂದೆ ಹಿಡಿದಳು.

"ಯಾಕವ್ವಾ ಮುಟ್ಟಿದ್ಯಾ? ದೇವ್ರಿಗಿಟ್ಟಿದ್ದು" ಎಂದಳು ಮುದುಕಿ. ದನಿ ಗಡುಸು.

"ನಿಮ್ಮ ಅಟ್ಟದ್ದು ಇದು."

"ಘಾನಾದ್ದು."

"ಹೊಗೆ ವಾಸನೆ ಬರುತ್ತೆ ರಾಮಲಕ್ಷ್ಮಮ್ಮ. ಘಾನಾದಲ್ಲೂ ಬಚ್ಚಲ ಮೇಲೇ ಅಟ್ಟ ಕಟ್ತಾರಾ?"

ರಾಮಲಕ್ಷ್ಮಮ್ಮ ಗರಿ ಮುರಿದಳು. ಒಲೆಗೆ ಹಾಕಲಿಲ್ಲ.

"ಎಷ್ಟು ವರ್ಷದಿಂದ ಕೊಬ್ಬರಿ ಒಡೀತಿದ್ದೀರಿ?"

"ಲಗ್ನ ಆಗಿ ಬಂದಾಗಿಂದ."

"ಹಾಗಾದ್ರೆ ಇದು ಕೈಗೆ ಬಂದ ದಿನವೇ ಗೊತ್ತಾಗಿದೆ. ಮಗ ಅಲ್ಲಿಂದ ಕಳಿಸಿಲ್ಲ ಅಂತ ಗೊತ್ತಿದ್ದೂ ಸುಮ್ಮನಿದ್ದೀರಿ. ಸೊಸೆ ದೇಶಾಂತರ ಹೋಗ್ತೀನಿ ಅಂತ ಅಳ್ತಿದ್ರೂ ಸುಮ್ಮನಿದ್ದೀರಿ. ಬೈಕಿನ ಕೀ ನೀವೇ. ಫೋಟೋ ನೀವೇ. ಇವತ್ತು ಪಾಸ್‌ಪೋರ್ಟೂ ನೀವೇ."

"ಸುಮ್ಕಿರು ಇನ್ಸ್‌ಪೆಕ್ಟ್ರಮ್ಮ."

"ಸುಮ್ಮನಿರೋಕೆ ಆಗಲ್ಲ! ಎರಡು ತಿಂಗಳಿಂದ ನಾನು ಈ ಮನೆಗೂ ತಿಪಟೂರಿಗೂ ಸುತ್ತಿ ಸುತ್ತಿ ಮಂಡಿ ಸವೆಸಿಕೊಂಡಿದ್ದೀನಿ. ಇಲ್ಲದ ಊರಿಗೆ ದಾರಿ ಹುಡುಕ್ತಾ ಇದ್ದೀನಿ. ತಿಮ್ಮರಾಜು ಎಲ್ಲಿ?"

ಮುದುಕಿ ಬಾಗಿಲ ಕಡೆ ನೋಡಿದಳು. ಒಲೆಯ ಕಡೆ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಳುತ್ತಾಳೆಂದುಕೊಂಡರೆ, ನಕ್ಕಳು. ಬಚ್ಚಿಟ್ಟ ಸಂತೋಷ ಹೊರಗೆ ಬೀಳುವಾಗಿನ ನಗು.

"ನನ್ ಮಗ ಇಲ್ಲೇ ಅವ್ನೆ ಕಣವ್ವಾ. ಬದುಕವ್ನೆ."

ಗಿರಿಜಾಂಬಿಕಾ ಒಲೆಯ ಪಕ್ಕದ ಮಣೆಯ ಮೇಲೆ ಕುಳಿತಳು. "ಎಲ್ಲಿ?"

"ಕೆರೆ ಹಿಂದ್ಲ ತೋಟ ಐತಲ್ಲ, ಅಲ್ಲಿ ಪಂಪ್‌ಹೌಸಲ್ಲಿ. ಚಿಕ್ಕೋನಿದ್ದಾಗ ಅಪ್ಪನ ಕೈಲಿ ಏಟು ತಿಂದ್ರೆ ಅಲ್ಲೇ ಅಡಗ್ತಿದ್ದ. ಕೊಬ್ಬರಿ ಮೂಸಿದ್ ತಕ್ಷಣ ನಂಗೆ ಗೊತ್ತಾಯ್ತು. ನಮ್ ಅಟ್ಟದ್ದೇ ಅಂದ್ಮೇಲೆ ಇವ್ನು ಮನೆಗೆ ಬಂದು ತಗಂಡ್ ಹೋಗವ್ನೆ. ಏನ್ ತೆಪ್ಪು ಮಾಡವ್ನೋ ಏನೋ, ಮುಖ ತೋರ್ಸಕ್ಕೆ ನಾಚಿಕೆ. ಅವ್ವನಿಗೆ ಮಾತ್ರ ತಿಳೀಲಿ ಅಂತ ಕಳ್ಸವ್ನೆ."

"ನೀವು ನೋಡಿದ್ರಾ ಅವನನ್ನ?"

"ನೋಡಿಲ್ಲ. ದಿನಾ ಬುತ್ತಿ ಇಟ್ಟು ಬತ್ತೀನಿ. ಮುದ್ದೆ, ಹುರುಳಿಕಾಳು ಸಾರು. ಮಾರನೆ ದಿನ ಹೋದ್ರೆ ಡಬ್ಬಿ ಖಾಲಿಯಾಗಿರ್ತೈತೆ." ಅವಳ ಮುಖ ಬೆಳಗಿತು. "ಒಂದು ಕಾಳು ಬುಡಲ್ಲ ಕಣವ್ವಾ."

"ಸೊಸೆಗೆ ಒಂದು ಮಾತು ಹೇಳಬಹುದಿತ್ತಲ್ಲ? ಆ ಹುಡುಗಿ ದಿನಾ ಕುಂಕುಮದ ಭರಣಿ ಹಿಡ್ಕೊಂಡು ಇಟ್ಕೊಳ್ಳಲೋ ಬೇಡ್ವೋ ಅಂತ ಕೂತಿರ್ತಾಳೆ."

"ಅವ್ಳು ಬಾಯಿ ಮುಚ್ಕಂಡಿರ್ತಾಳಾ? ಓಡ್ತಾಳೆ. ಜನ ಕೂಡ್ತಾರೆ. ಇವ್ನು ಮತ್ತೆ ಎಲ್ಲಾದ್ರೂ ಹೋಗ್ಬುಟ್ರೆ?" ಮುದುಕಿ ತಲೆ ಅಲ್ಲಾಡಿಸಿದಳು. "ಅದ್ಕೇ ಅವ್ಳು ಆಫ್ರಿಕಾಕ್ಕೂ ಹೋಗ್ದಂಗೆ ನೋಡ್ಕಂಡೆ. ಗಂಡ ಇಲ್ಲಿರೋವಾಗ ಅಲ್ಲಿ ಯಾರನ್ನ ಹುಡುಕ್ತಾಳೆ? ತೆಪ್ಪಾ?"

ಗಿರಿಜಾಂಬಿಕಾಗೆ ಸಿಟ್ಟು ಇಳಿಯಿತು. ಇಳಿದ ಜಾಗದಲ್ಲಿ ಬೇರೇನೋ ಏರುತ್ತಿತ್ತು.

"ಬುತ್ತಿಯ ವಿಷಯ ಇನ್ನು ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಪರಮೇಶನ್ಗೊಬ್ಬನ್ಗೆ. ಕೊಬ್ಬರಿ ತಂದೋನು ಅವ್ನೇ ತಾನೆ, ಅವನ್ಗೆ ನಿಜ ಗೊತ್ತಿರ್ತೈತೆ ಅಂತ ಮಾರನೆ ದಿನವೇ ಕೇಳ್ದೆ. 'ನಮ್ ಅಟ್ಟದ್ದು ಕಣಪ್ಪಾ ಇದು, ನನ್ ಮಗ ಪಂಪ್‌ಹೌಸಲ್ಲವ್ನಾ' ಅಂದೆ. ಅವ್ನು ಬಾಯಿ ಮೇಲೆ ಬೆರಳಿಟ್ಕಂಡು, 'ಅವ್ವಾ, ನನ್ನೇನೂ ಕೇಳ್ಬ್ಯಾಡ. ಬುತ್ತಿ ಬೇಕಾದ್ರೆ ಇಡು. ತಿರುಗಿ ನೋಡ್ದಂಗೆ ಬಾ' ಅಂದ. ಅವತ್ತಿಂದ ಇಡ್ತಿದೀನಿ."

ಪಂಪ್‌ಹೌಸಿನ ಹೆಸರು ಹೇಳಿದ್ದು ಪರಮೇಶ್ ಅಲ್ಲ. ಇವಳೇ.

"ಇಲ್ಲಿ ಕೇಳಿ" ಎಂದಳು ಗಿರಿಜಾಂಬಿಕಾ, ಪ್ರತಿ ಮಾತನ್ನೂ ಇಳಿಸಿ ಇಳಿಸಿ. "ಈ ಮನೆಯ ಕೊಬ್ಬರಿಯನ್ನ ವರ್ಷ ವರ್ಷ ಯಾರು ಒಯ್ತಾರೆ?"

"ಪರಮೇಶನೇ."

"ಹೊಗೆ ಹಿಡಿದ ಮಾಲಿಗೆ ರೇಟು ಬರುತ್ತಾ?"

"ಎಲ್ ಬತ್ತೈತೆ! ಬಡ್ಕತಾನೆ ಪ್ರತಿ ಸಲ. ಹೋದ್ ವರ್ಷದ್ದು ಇನ್ನೂ ಮಂಡಿ ಮೂಲೇಲೇ ಬಿದ್ದೈತಂತೆ, ಯಾರೂ ತಗಳ್ದೆ."

ಗಿರಿಜಾಂಬಿಕಾ ಕೈಯಲ್ಲಿದ್ದ ಉಂಡೆಯನ್ನು ನೋಡಿದಳು. ಘಾನಾದ್ದೆಂದು ತೋರಿಸಲು ಒಂದು ಕೊಬ್ಬರಿ ಬೇಕು. ಮಂಡಿಯ ತುಂಬ ಚೀಲಗಳು. ಆದರೆ ಒಳ್ಳೆ ಮಾಲಿನ ಚೀಲ ಬಿಚ್ಚಿ ಒಂದೇ ಒಂದನ್ನು ಪುಕ್ಕಟೆ ತೆಗೆಯಲು ಯಾವ ವರ್ತಕನ ಕೈ ಬರುತ್ತದೆ? ಹೇಗೂ ಹೋಗದ ಮಾಲು ಮೂಲೆಯಲ್ಲಿದೆ. ಕೈ ತಾನಾಗಿ ಅಲ್ಲಿಗೆ ಹೋಗಿದೆ. ಅದು ಯಾರ ಮನೆಯದೆಂದು ಯೋಚಿಸಲೂ ಇಲ್ಲ.

ತಪ್ಪು ಮುದುಕಿಯ ಮೂಗಿಗೆ ಸಿಕ್ಕಿತು. ಅವಳೇ ಒಂದು ಆಸೆಯನ್ನೂ ಹೆಣೆದುಕೊಟ್ಟಳು. ಅವನು ಅದನ್ನು ಎತ್ತಿಕೊಂಡ, ಅಷ್ಟೆ. ಅತ್ತೆಗೆ ಹತ್ತಿರದ ಆಸೆ, ಸೊಸೆಗೆ ದೂರದ ಆಸೆ. ಆಸೆ ಇರುವಷ್ಟು ದಿನ ಇಬ್ಬರಲ್ಲಿ ಯಾರೂ ಪೊಲೀಸರ ಬಳಿ ಹೋಗುವುದಿಲ್ಲ.

ಪ್ರಯಾಣಕ್ಕೆ ಅಡ್ಡ ಬಂದವರನ್ನೇ ಅವಳು ಇಷ್ಟು ದಿನ ಹುಡುಕುತ್ತಿದ್ದಳು. ಸಹಾಯ ಮಾಡುತ್ತಿದ್ದವನ ಕಡೆ ತಿರುಗಿಯೂ ನೋಡಿರಲಿಲ್ಲ.

"ರಾಮಲಕ್ಷ್ಮಮ್ಮ, ಆ ಡಬ್ಬಿ ಹೇಗಿರುತ್ತೆ? ಮಾರನೆ ದಿನ ಹೋದಾಗ?"

"ಅಂದ್ನಲ್ಲ, ಖಾಲಿ."

"ಎಂಜಲು ಡಬ್ಬಿಯಾ?"

"ಇಲ್ಲ ಬುಡು, ತೊಳ್ದಿರ್ತಾನೆ. ಕಾಲುವೆ ನೀರಲ್ಲಿ ಬೆಳಗಿ, ಬಂಡೆ ಮೇಲೆ ಬೋರಲು ಹಾಕಿರ್ತಾನೆ. ಬೆಳಗ್ಗೆ ತಂದೆನಲ್ಲ, ಅಲ್ಲೇ ಬಟ್ಟೆ ಕಲ್ಲಿನ ಮೇಲೆ ಮಡಗಿದೀನಿ, ನೋಡು ಬೇಕಾದ್ರೆ."

ಒಲೆಯಲ್ಲಿ ಗರಿಯೊಂದು ಚಟಪಟ ಹತ್ತಿಕೊಂಡಿತು.

"ತಿಮ್ಮರಾಜು ಮನೆಯಲ್ಲಿ ಎಂದಾದರೂ ತಟ್ಟೆ ತೊಳೆದಿದ್ದಾನಾ?"

ರಾಮಲಕ್ಷ್ಮಮ್ಮ ಮುರಿದ ಗರಿಯನ್ನು ಕೆಳಗಿಟ್ಟಳು. ನಗು ಇನ್ನೂ ತುಟಿಯ ಮೇಲೇ ಇತ್ತು. ಅದಕ್ಕೆ ಎಲ್ಲಿ ಹೋಗಬೇಕೆಂದು ತಿಳಿಯದಾಗಿತ್ತು.

"ತಿಂದ್ ತಟ್ಟೇಲೇ ಕೈ ತೊಳ್ಯೋನು" ಎಂದಳು ಕೊನೆಗೆ. ದನಿ ಒಲೆಯ ಸದ್ದಿಗಿಂತ ಮೆಲ್ಲಗಿತ್ತು. "ನಾನೂ ನೋಡ್ದೆ ಕಣವ್ವಾ. ಮೊದಲ್ನೇ ದಿನವೇ ನೋಡ್ದೆ. ಕಷ್ಟ ಬುದ್ಧಿ ಕಲ್ಸೈತೆ ಅಂದ್ಕಂಡೆ. ಬದಲಾಗವ್ನೆ ಅಂದ್ಕಂಡೆ..."

ಅವಳು ನೆಲಕ್ಕೆ ಕೈ ಊರಿದಳು. "ಹಂಗಾರೆ ಉಂಡೋನು ಯಾರು? ನನ್ ಮಗ ಎಲ್ಲಿ?"

ಗಿರಿಜಾಂಬಿಕಾ ಎದ್ದಳು. ಮಂಡಿ ಕಟಕ್ಕೆಂದಿತು. ಹಿತ್ತಿಲ ಬಾಗಿಲು ತಳ್ಳಿ ಬಟ್ಟೆ ಒಗೆಯುವ ಕಲ್ಲಿನ ಬಳಿ ಬಂದಳು.

ಪರಮೇಶ್ ತೊಳೆದಿಟ್ಟ ಕಾಫಿ ಲೋಟ ಬೋರಲು ಬಿದ್ದಿತ್ತು. ಅದರ ಪಕ್ಕದಲ್ಲಿ ಡಬ್ಬಿ ಇರಲಿಲ್ಲ. ಡಬ್ಬಿಯ ಬಾಯಿಯಷ್ಟು ಅಗಲದ ಒದ್ದೆ ಉಂಗುರ ಮಾತ್ರ ಇತ್ತು.

ಕಲ್ಲಿನಿಂದ ಬಚ್ಚಲ ಕಿಟಕಿಗೆ ಒಂದು ಮಾರು ದೂರ. ಕಿಟಕಿಯ ಕೆಳಗೆ ಮಡಿಕೆ ಬಿಚ್ಚದ ಸೀರೆಯೊಂದು ನೆಲದ ಮೇಲೆ ಬಿದ್ದಿತ್ತು. ಉಡಬೇಕೆಂದು ತೆಗೆದುಕೊಂಡ ಸೀರೆ.

"ಧನ್ಯಾ!"

ಮನೆಯನ್ನು ಬಳಸಿಕೊಂಡು ಕುಂಟುತ್ತ ಮುಂಬಾಗಿಲಿಗೆ ಬಂದಳು. ಬೊಲೆರೊ ನಿಂತಿದ್ದ ಜಾಗದಲ್ಲಿ ಧೂಳು ಇನ್ನೂ ಕೂತಿರಲಿಲ್ಲ. ಈರಣ್ಣ ಬೀದಿಯ ತುದಿಯನ್ನೇ ನೋಡುತ್ತ ನಿಂತಿದ್ದ.

"ಎಲ್ಲಿಗೆ ಹೋದ್ರು?"

"ತಿಪಟೂರಿಗೆ ಅಂತ ಹೊರಟ್ರು. ಆದ್ರೆ..." ಅವನ ಹುಬ್ಬು ಗಂಟಿಕ್ಕಿತ್ತು. "ಪರಮೇಶ ಮೇನ್ ರೋಡಿಗೆ ಗಾಡಿ ತಿರುಗಿಸ್ದ. ಧನ್ಯ ಅವನ ಕೈ ಹಿಡಿದು ನಿಲ್ಸಿ, ಕೆರೆ ದಾರಿ ತೋರ್ಸಿದ್ಲು ಕಣ್ರೀ. ಅವನು ಬ್ಯಾಡ ಅಂದಂಗಿತ್ತು. ಆಮೇಲೆ ಆ ಕಡೆಗೇ ಹೋದ್ರು. ಮಡಿಲಲ್ಲಿ ಊಟದ ಡಬ್ಬಿ ಇಟ್ಕಂಡು ಕೂತಿದ್ಲು."

"ಅವಳ ಮುಖ ಹೇಗಿತ್ತು?"

"ಮುಖ?"

"ಅಳ್ತಿದ್ಲಾ, ನಗ್ತಿದ್ಲಾ, ನೋಡಿದ್ರಾ?"

"ಸೆರಗು ಹೊದ್ಕಂಡಿದ್ಲು. ಕಾಣ್ಲಿಲ್ಲ."

ಕಿಟಕಿಯ ಕೆಳಗೆ ಅವಳು ಎಷ್ಟು ಹೊತ್ತು ನಿಂತಿದ್ದಳು? 'ನನ್ ಮಗ ಬದುಕವ್ನೆ' ಎಂಬ ಮಾತು ಕಿವಿಗೆ ಬಿದ್ದೊಡನೆ ಸೀರೆ ಎಸೆದು, ಡಬ್ಬಿ ಎತ್ತಿಕೊಂಡು ಗಂಡನನ್ನು ನೋಡಲು ಓಡಿದಳೋ? ಇಲ್ಲ, ತೊಳೆದ ಡಬ್ಬಿಯವರೆಗೂ ನಿಂತು ಎಲ್ಲವನ್ನೂ ಕೇಳಿ, ಆ ಡಬ್ಬಿಯನ್ನು ತೊಳೆದವನ ಪಕ್ಕದಲ್ಲೇ ಹೋಗಿ ಕುಳಿತಳೋ?

ಮೊದಲನೆಯದಾದರೆ ಅವಳಿಗೆ ಅಪಾಯ. ಎರಡನೆಯದಾದರೆ ಇಬ್ಬರಿಗೂ.

"ಈರಣ್ಣ, ಬೈಕ್ ತೆಗೀರಿ."

"ಎಲ್ಲಿಗೆ?"

ಹಿಂದೆ ರಾಮಲಕ್ಷ್ಮಮ್ಮ ಹೊಸ್ತಿಲು ಹಿಡಿದು ನಿಂತಿದ್ದಳು. ಕೈಯಲ್ಲಿ ಇವತ್ತಿನ ಬುತ್ತಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ್ದು. ಆ ಗಂಟನ್ನು ಬಿಚ್ಚಬೇಕೋ ಬೇಡವೋ ಎಂದು ಅವಳ ಬೆರಳುಗಳಿಗೆ ತೋಚುತ್ತಿರಲಿಲ್ಲ.

ಗಿರಿಜಾಂಬಿಕಾ ಒದ್ದೆ ಪಾಸ್‌ಪೋರ್ಟನ್ನು ಜಗುಲಿಯ ಮೇಲೆ ಎಸೆದಳು.

"ಘಾನಾಕ್ಕೆ" ಎಂದಳು. "ನಿಮ್ಮ ಕೆರೆ ಹಿಂದೇನೇ ಇದೆಯಂತೆ. ಬೇಗ ತೆಗೀರಿ!"